ಎಂಬಿಎ ಸೇರಿ ಮೂರು ತಿಂಗಳಾಯ್ತು, ಈ ನೆಟ್‌ವರ್ಕಿಂಗ್ ಅಂದ್ರೆ ನಿಜಕ್ಕೂ ಏನು ಮಾಡಬೇಕು?

ಅಡಿಕೆ ತೋಟ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್, ಬೆಂಗಳೂರಲ್ಲಿ ಎರಡು ವರ್ಷ ಸಾಫ್ಟ್‌ವೇರ್ ಕೆಲಸ. ಕ್ಯಾಟ್ ಬರೆದು ಈ ಜೂನ್‌ನಲ್ಲಿ ಉತ್ತರ ಭಾರತದ ಒಂದು ಬಿ-ಸ್ಕೂಲ್ ಸೇರಿದ್ದೇನೆ. ಹೆಸರು ಬೇಡ. ಫೀಸು, ಹಾಸ್ಟೆಲ್, ಲ್ಯಾಪ್‌ಟಾಪು ಎಲ್ಲ ಸೇರಿ 20 ಲಕ್ಷ ದಾಟಿದೆ, ಪೂರ್ತಿ ಬ್ಯಾಂಕ್ ಸಾಲ.

ಓದು ಅಷ್ಟೇನೂ ಕಷ್ಟ ಆಗಿಲ್ಲ. ಕಷ್ಟ ಬೇರೆ ಕಡೆ ಇದೆ. ಪ್ರೊಫೆಸರ್, ಸೀನಿಯರ್, ಪ್ಲೇಸ್‌ಮೆಂಟ್ ಕಮಿಟಿ, ಯಾರು ಬಾಯಿ ತೆರೆದರೂ "ನೆಟ್‌ವರ್ಕ್ ಮಾಡಿ" ಎನ್ನುತ್ತಾರೆ. ಹೇಗೆ ಅಂತ ಯಾರೂ ಹೇಳುವುದಿಲ್ಲ. ಕಳೆದ ಶನಿವಾರ ದೊಡ್ಡ ಕಂಪನಿಯವರೊಬ್ಬರು ಬಂದು ಮಾತಾಡಿದರು. ಮುಗಿದ ಕೂಡಲೇ ಮೂವತ್ತು ನಲವತ್ತು ಜನ ಅವರನ್ನು ಮುತ್ತಿಕೊಂಡರು. ಅವರ ಕೈಯಲ್ಲಿ ಸಮೋಸಾ ಪ್ಲೇಟ್ ಇತ್ತು, ಒಂದು ತುಂಡು ಬಾಯಿಗೆ ಹಾಕಿಕೊಳ್ಳುವುದಕ್ಕೂ ಬಿಡಲಿಲ್ಲ. ನಾನು ಕಾಫಿ ಕಪ್ ಹಿಡಿದು ಗೋಡೆ ಪಕ್ಕ ಹದಿನೈದು ನಿಮಿಷ ನಿಂತೆ. ಒಂದು ಪ್ರಶ್ನೆ ಇತ್ತು, ಒಳ್ಳೆಯ ಪ್ರಶ್ನೆಯೇ. ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಮೂರು ಸಲ ಜೋಡಿಸಿಕೊಂಡೆ. ಅಷ್ಟರಲ್ಲಿ ಕಾರು ಬಂತು, ಹೋದರು. ರೂಮಿಗೆ ಬಂದು ಲಿಂಕ್ಡ್‌ಇನ್ ನೋಡಿದರೆ ನಮ್ಮ ಸೆಕ್ಷನ್ನಿನವರು ಎಷ್ಟೋ ಜನ ಆಗಲೇ ಅವರ ಜೊತೆ ಫೋಟೋ ಹಾಕಿದ್ದರು.

ಅಕ್ಟೋಬರ್ ಕೊನೆಗೆ ಸಮ್ಮರ್ಸ್ ಇದೆ (ಗೊತ್ತಿಲ್ಲದವರಿಗೆ: ಏಪ್ರಿಲ್-ಮೇ ಇಂಟರ್ನ್‌ಶಿಪ್‌ಗೆ ಕಂಪನಿಗಳು ಮೊದಲ ವರ್ಷದವರನ್ನು ಆರಿಸುವ ವಾರ). ಗುರುತಿಲ್ಲದವರ ಹತ್ತಿರ ಹೋಗಿ ನಗುತ್ತಾ ಮಾತಾಡುವುದು ನನ್ನ ಕೈಲಿ ಆಗುತ್ತಿಲ್ಲ. ಇದು ಕಲಿಯುವಂಥದ್ದಾ? ಅಥವಾ ಬಿಟ್ಟುಬಿಟ್ಟು ಓದಿನ ಕಡೆ ಗಮನ ಕೊಡಲಾ?

ಲೆಕ್ಕ ಪಕ್ಕಾ

ಬಿಟ್ಟುಬಿಡು ತಮ್ಮಾ. ನಮ್ಮೂರಲ್ಲಿ ಇದಕ್ಕೆ ವಶೀಲಿ ಅನ್ನುತ್ತಿದ್ದರು. ತಾಲೂಕು ಆಫೀಸಲ್ಲಿ ಗೊತ್ತಿದ್ದವರಿದ್ದರೆ ಪಹಣಿ ಬೇಗ ಸಿಗುತ್ತಿತ್ತು, ಇಲ್ಲದವರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದರು. ಈಗ ಅದೇ ಕೋಟು ಹಾಕಿಕೊಂಡು ಬಂದಿದೆ, ಅಷ್ಟೇ. ನಾನು ಸಿಎ. ಯಾರ ಹಿಂದೆಯೂ ಹೋಗಲಿಲ್ಲ, ಕೆಲಸ ಗೊತ್ತಿತ್ತು, ಕೆಲಸ ಸಿಕ್ಕಿತು. ಮಾರ್ಕ್ಸ್ ತೆಗಿ, ಎಕ್ಸೆಲ್ ಗಟ್ಟಿ ಮಾಡಿಕೋ, ಕಂಪನಿಯ ಒಂದು ಸಮಸ್ಯೆ ಕೊಟ್ಟು ಬಿಡಿಸು ಅನ್ನುತ್ತಾರಲ್ಲ, ಆ ಕೇಸ್ ಇಂಟರ್‌ವ್ಯೂಗೆ ತಯಾರಾಗು.

ಜಯನಗರ ನಾಲ್ಕನೇ ಬ್ಲಾಕ್

ಲೆಕ್ಕ ಪಕ್ಕಾ ಅವರೇ, ಸಿಎಗೂ ಇದಕ್ಕೂ ವ್ಯತ್ಯಾಸ ಇದೆ. ಸಿಎಗೆ ಪರೀಕ್ಷೆಯೇ ಬಾಗಿಲು. ಪಾಸಾದರೆ ನೀವು ಸಿಎ, ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಎಂಬಿಎ ಹಾಗಲ್ಲ. ಒಂದು ಬ್ಯಾಚಿನಲ್ಲಿ ನಾನೂರು ಜನ ಇದ್ದರೆ ನಾನೂರು ಜನರ ಸಿವಿಯೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

ನಾನು ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಓದಿದವನು, ಮುಗಿಸಿ ಹತ್ತು ವರ್ಷ ಮೇಲಾಯಿತು. ಆ ಕ್ಯಾಂಪಸ್ ಕಟ್ಟಿದ್ದು ಬಿ.ವಿ. ದೋಶಿ. ಕಲ್ಲಿನ ಗೋಡೆ, ಉದ್ದುದ್ದ ಕಾರಿಡಾರು, ಮೇಲೆ ಬಳ್ಳಿ, ಅಲ್ಲಲ್ಲಿ ಬಿಸಿಲು. ಕ್ಲಾಸಿನಿಂದ ಕ್ಲಾಸಿಗೆ ಹೋಗುವಾಗ ಜನ ಒಬ್ಬರಿಗೊಬ್ಬರು ಎದುರಾಗಿ ನಿಂತು ಮಾತಾಡಲಿ ಅಂತಲೇ ಆ ಕಾರಿಡಾರುಗಳನ್ನು ಅಷ್ಟು ಧಾರಾಳವಾಗಿ ಮಾಡಿದ್ದಾರೆ. ನನ್ನ ಒಡನಾಟ ಬೆಳೆದಿದ್ದು ಅಲ್ಲಿ, ಮೆಸ್ಸಿನಲ್ಲಿ, ರಾತ್ರಿ ಎರಡು ಗಂಟೆಗೆ ಮ್ಯಾಗಿ ಸಿಗುವ ಕ್ಯಾಂಟೀನಿನಲ್ಲಿ. ವೇದಿಕೆ ಮೇಲೆ ಬಂದು ಮಾತಾಡಿದವರಲ್ಲಿ ಒಬ್ಬರೂ ಇವತ್ತು ನನ್ನ ಫೋನಿನಲ್ಲಿಲ್ಲ.

ಒಂದು ಸಂಗತಿ ಹೇಳುತ್ತೇನೆ. ಮೊದಲ ಟರ್ಮಿನಲ್ಲಿ ಮಾರ್ಕೆಟಿಂಗ್ ಪ್ರಾಜೆಕ್ಟಿಗೆ ನಮ್ಮದು ಆರು ಜನರ ಗುಂಪು. ಇಬ್ಬರು ಹೆಸರಿಗೆ ಮಾತ್ರ. ಇನ್ನೊಬ್ಬ ಕ್ಲಾಸಿನಲ್ಲಿ ಸಿಪಿಗೆ, ಅಂದರೆ ಕ್ಲಾಸಲ್ಲಿ ಮಾತಾಡಿದ್ದಕ್ಕೆ ಸಿಗುವ ಮಾರ್ಕಿಗೆ, ದಿನಾ ಕೈ ಎತ್ತುತ್ತಿದ್ದ. ನಾಲ್ಕನೆಯವನು ಒಡಿಶಾದವನು, ಮಾತೇ ಇಲ್ಲ. ಸಬ್ಮಿಷನ್ ಹಿಂದಿನ ರಾತ್ರಿ ಸರ್ವೆ ಡೇಟಾದಲ್ಲಿ ತಪ್ಪು ಇದೆ ಅಂತ ಗೊತ್ತಾಯಿತು. ಈ ಹುಡುಗ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಬೆಳಗಿನ ಐದರವರೆಗೆ ಸಾಲು ಸಾಲಾಗಿ ಸರಿ ಮಾಡಿದ. ಯಾರಿಗೂ ಒಂದು ಮಾತು ಅನ್ನಲಿಲ್ಲ. ಆರು ವರ್ಷ ಆದಮೇಲೆ ನಮ್ಮ ಕಂಪನಿಯಲ್ಲಿ ಒಂದು ದೊಡ್ಡ ಜಾಗ ಖಾಲಿ ಆದಾಗ ಬಾಸ್ ಕೇಳಿದರು, ಯಾರಾದರೂ ಗೊತ್ತಾ ಅಂತ. ನನ್ನ ಬಾಯಿಗೆ ಬಂದ ಮೊದಲ ಹೆಸರು ಅವನದು. ಅವನು ನನ್ನ ಜೊತೆ ಒಂದು ದಿನವೂ 'ನೆಟ್‌ವರ್ಕ್' ಮಾಡಿರಲಿಲ್ಲ.

ಧಾರವಾಡ ಪೇಡೆ

ಈ ಥರದ ಚರ್ಚೆಯಲ್ಲಿ ಯಾವಾಗಲೂ ಐಐಎಂನವರದೇ ಮಾತು. ನಾನು ಪಿಜಿಸಿಇಟಿ, ಅಂದರೆ ರಾಜ್ಯದ ಪ್ರವೇಶ ಪರೀಕ್ಷೆ, ಬರೆದು ಎಂಬಿಎ ಮಾಡಿದವಳು. ಕರ್ನಾಟಕದಲ್ಲಿ ಬಹಳ ಮಂದಿ ಎಂಬಿಎ ಮಾಡುವುದು ಹೀಗೇ ಅಲ್ವಾ? ನಮ್ಮಲ್ಲಿ ಅಲುಮ್ನಿ ಆಫೀಸ್ ಇರಲಿಲ್ಲ, ಸಮ್ಮರ್ಸ್ ವಾರ ಇರಲಿಲ್ಲ. ಹಳೆಯ ವಿದ್ಯಾರ್ಥಿಗಳ ಪಟ್ಟಿ ಅಂದರೆ ಒಂದು ರಿಜಿಸ್ಟರ್, ಅದರಲ್ಲಿ ಅರ್ಧ ನಂಬರ್ ಚಾಲ್ತಿಯಲ್ಲಿಲ್ಲ.

ನಾನು ಮಾಡಿದ್ದು ಇಷ್ಟು. ಪ್ರಾಜೆಕ್ಟಿಗೆ ಎಲ್ಲರೂ ಸರ್ಟಿಫಿಕೇಟ್ ಕೊಡುವ ಕಂಪನಿ ಹುಡುಕುತ್ತಿದ್ದರು. ನಾನು ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ವಾಲ್ವ್ ಕಾರ್ಖಾನೆಗೆ ಹೋದೆ. ಮಾಲೀಕರು ಮೊದಲ ದಿನ ಚಹಾ ಕೊಟ್ಟು, "ನಮ್ಮಲ್ಲಿ ನೋಡೋಕೆ ಏನೈತಿ ವಾ" ಅಂದರು. ಆರು ವಾರ ದಿನಾ ಹೋದೆ. ಯಾರಿಂದ ಎಷ್ಟು ಬಾಕಿ ಬರಬೇಕು, ಎಷ್ಟು ದಿನ ಆಯಿತು ಅಂತ ಒಂದು ಹಾಳೆ ಮಾಡಿಕೊಟ್ಟೆ. ಎರಡು ಗಿರಾಕಿಗಳ ಬಾಕಿ ಆರು ತಿಂಗಳು ದಾಟಿದ್ದು ಅವರ ಗಮನಕ್ಕೇ ಬಂದಿರಲಿಲ್ಲ. ಅವರೇ ತಮ್ಮ ಪರಿಚಯದ ಮೂರು ಉದ್ದಿಮೆದಾರರಿಗೆ ನನ್ನ ಬಗ್ಗೆ ಹೇಳಿದರು. ನನ್ನ ಮೊದಲ ಕೆಲಸ ಆ ಮೂವರಲ್ಲಿ ಒಬ್ಬರ ಹತ್ತಿರ.

ಇನ್ನೊಂದು ಮಾತು, ಹುಡುಗಿಯರ ಪರವಾಗಿ. ರಾತ್ರಿ ಎರಡು ಗಂಟೆಗೆ ಕ್ಯಾಂಟೀನಿನಲ್ಲಿ ಒಡನಾಟ ಬೆಳೆಯುತ್ತದೆ ಅಂತ ಹೇಳುವುದು ಸುಲಭ. ನಮ್ಮ ಹಾಸ್ಟೆಲ್ ಗೇಟ್ ರಾತ್ರಿ ಎಂಟಕ್ಕೆ ಬೀಳುತ್ತಿತ್ತು. ಹುಡುಗರು ಗೆಸ್ಟ್ ಲೆಕ್ಚರ್ ಮುಗಿಸಿ ಬಂದವರನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದರು, ನಾವು ರೂಮಿನಲ್ಲಿ ಇರುತ್ತಿದ್ದೆವು. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಮೇಡಂ, ಒಪ್ಪಿದೆ. ನಮ್ಮಲ್ಲಿ ಗೇಟ್ ಇರಲಿಲ್ಲ, ಅದಕ್ಕೇ ನನಗೆ ಹೊಳೆದಿರಲಿಲ್ಲ.

ಮಂಡಿನೋವು

ಅಲುಮ್ನಿ ಮೀಟ್‌ಗಳಲ್ಲಿ ಕುಡಿಯದವರು ಏನು ಮಾಡಬೇಕು ಅಂತಲೂ ಯಾರಾದರೂ ಹೇಳಿ. ನನ್ನ ತಮ್ಮ ಇದೇ ಚಿಂತೆಯಲ್ಲಿದ್ದಾನೆ.

ದಾವಣಗೆರೆಯಿಂದ ಡಬ್ಲಿನ್

ಕೈಯಲ್ಲಿ ಸೋಡಾ, ಅದರಲ್ಲೊಂದು ನಿಂಬೆ ಹೋಳು. ಯಾರೂ ಕೇಳುವುದಿಲ್ಲ. ಕೇಳಿದರೆ "ಕುಡಿಯುವುದಿಲ್ಲ" ಅಂದರೆ ಮುಗಿಯಿತು, ಕಾರಣ ಕೊಡಬೇಡಿ. ಕಾರಣ ಕೊಡಲು ಹೋದರೆ ಆ ಸಂಜೆಯ ಮಾತೆಲ್ಲ ಅದರ ಮೇಲೇ ಆಗುತ್ತದೆ. ಮತ್ತೆ ಬೇಗ ಹೋಗಿ. ಮೊದಲ ಅರ್ಧ ಗಂಟೆಯಲ್ಲಿ ಜನ ಕಡಿಮೆ, ಸದ್ದು ಕಡಿಮೆ, ಎಲ್ಲರಿಗೂ ಯಾರಾದರೂ ಮಾತಾಡಿಸಲಿ ಅಂತ ಇರುತ್ತದೆ.

ನಾನು ಐರ್ಲೆಂಡಿನಲ್ಲಿ ಒಂದು ವರ್ಷದ ಎಂಬಿಎ ಮಾಡಿದೆ. ಇಲ್ಲಿ ಕ್ಯಾಂಪಸ್ಸಿಗೇ ಕಂಪನಿಗಳು ಬಂದು ಸಾಲಾಗಿ ಕೂತು ಎಲ್ಲರನ್ನೂ ತೆಗೆದುಕೊಂಡು ಹೋಗುವ ಪದ್ಧತಿ ಇಲ್ಲ. ಕೋರ್ಸ್ ಮುಗಿದ ಮೇಲೆ ಕೆಲಸ ಹುಡುಕಲು ಸ್ಟ್ಯಾಂಪ್ 1ಜಿ ಅಂತ ಅನುಮತಿ ಸಿಗುತ್ತದೆ, ಮಾಸ್ಟರ್ಸ್ ಮಾಡಿದವರಿಗೆ ಎರಡು ವರ್ಷದವರೆಗೆ. ಅಷ್ಟರೊಳಗೆ ನಾವೇ ಹುಡುಕಿಕೊಳ್ಳಬೇಕು. ಹಾಗಾಗಿ ಗುರುತಿಲ್ಲದವರಿಗೆ ಬರೆದು "ಇಪ್ಪತ್ತು ನಿಮಿಷ ಕಾಫಿಗೆ ಸಿಗುತ್ತೀರಾ" ಅಂತ ಕೇಳುವುದು ಇಲ್ಲಿ ಮಾಮೂಲಿ. ಮೊದಮೊದಲು ನನಗೆ ಇದು ಭಿಕ್ಷೆ ಬೇಡಿದ ಹಾಗೆ ಅನಿಸುತ್ತಿತ್ತು. ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಕೈ ಚಾಚಬಾರದು ಅಂತ ಬೆಳೆಸಿದ್ದಾರೆ, ಅದು ರಕ್ತದಲ್ಲೇ ಇದೆ. ಎಂಟನೆಯ ಕಾಫಿಯ ಹೊತ್ತಿಗೆ ಗೊತ್ತಾಯಿತು, ತಮ್ಮ ಕೆಲಸದ ಬಗ್ಗೆ ಯಾರಾದರೂ ಆಸಕ್ತಿಯಿಂದ ಕೇಳಿದರೆ ಎಷ್ಟೋ ಜನರಿಗೆ ಖುಷಿಯಾಗುತ್ತದೆ. ನಾನು ಕೆಲಸ ಕೇಳಲು ಹೋಗುತ್ತಿರಲಿಲ್ಲ. ನಿಮ್ಮ ಸೋಮವಾರ ಹೇಗಿರುತ್ತದೆ, ಈ ಕೆಲಸದಲ್ಲಿ ಬೇಜಾರು ಯಾವುದು ಅಂತ ಕೇಳುತ್ತಿದ್ದೆ. ಬೇಜಾರಿನ ಪ್ರಶ್ನೆಗೆ ಎಲ್ಲರೂ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಪಾಠದ ಮೇಷ್ಟ್ರು

ನಾನು ಮೈಸೂರಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತೇನೆ. ಇದರ ಬಗ್ಗೆ ಒಂದು ಹಳೆಯ ಅಧ್ಯಯನ ಇದೆ. ಮಾರ್ಕ್ ಗ್ರಾನೊವೆಟ್ಟರ್ ಅನ್ನುವ ಸಮಾಜಶಾಸ್ತ್ರಜ್ಞ 1973ರಲ್ಲಿ ಪ್ರಕಟಿಸಿದ್ದು. ಬಾಸ್ಟನ್ ಹತ್ತಿರದ ಒಂದು ಊರಿನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಮಾತಾಡಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರಿಗೆ ಒಂದು ಪ್ರಶ್ನೆ: ಆ ಪರಿಚಯದವರನ್ನು ಆಗ ಎಷ್ಟು ಸಲ ನೋಡುತ್ತಿದ್ದಿರಿ? ಆಗಾಗ ಅಂದವರು 16.7%. ಅಪರೂಪಕ್ಕೊಮ್ಮೆ ಅಂದವರು 27.8%. ನಡುವಿನವರು, ಅಂದರೆ ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದವರು, 55.6%. ಸಣ್ಣ ಅಧ್ಯಯನ, 54 ಜನರ ಉತ್ತರ ಅಷ್ಟೇ. ಆದರೆ ಕಾರಣ ಸರಳ. ನಿಮ್ಮ ರೂಮ್‌ಮೇಟಿಗೆ ಗೊತ್ತಿರುವ ಖಾಲಿ ಜಾಗ ನಿಮಗೂ ಗೊತ್ತಿರುತ್ತದೆ. ದೂರದವರಿಗೆ ನಿಮಗೆ ಗೊತ್ತಿಲ್ಲದ್ದು ಗೊತ್ತಿರುತ್ತದೆ.

2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದನ್ನೇ ಲಿಂಕ್ಡ್‌ಇನ್‌ನ ಎರಡು ಕೋಟಿ ಜನರ ಮೇಲೆ, ಐದು ವರ್ಷದ ಪ್ರಯೋಗದಿಂದ ಪರೀಕ್ಷೆ ಮಾಡಿದ ವರದಿ ಬಂತು. 'ಇವರು ನಿಮಗೆ ಗೊತ್ತಿರಬಹುದು' ಅಂತ ತೋರಿಸುತ್ತಾರಲ್ವಾ, ಆ ಪಟ್ಟಿಯನ್ನು ಬೇರೆ ಬೇರೆ ಜನರಿಗೆ ಬೇರೆ ಬೇರೆ ಥರ ತೋರಿಸಿ ನೋಡಿದರು. ಕೆಲಸ ಬದಲಿಸಲು ಹೆಚ್ಚು ನೆರವಾಗಿದ್ದು ತೀರಾ ಹತ್ತಿರದವರೂ ಅಲ್ಲ, ತೀರಾ ದೂರದವರೂ ಅಲ್ಲ. ನಡುವಿನವರು.

ಸಮೋಸಾ ಪ್ಲೇಟ್ ಹಿಡಿದಿದ್ದ ಅತಿಥಿ ತೀರಾ ದೂರದವರು. ಅಲ್ಲಿ ನಿಂತು ನೀವು ಕಳೆದುಕೊಂಡಿದ್ದು ಜಾಸ್ತಿ ಏನಿಲ್ಲ. ನಿಮ್ಮ ಬಿ-ಸ್ಕೂಲಿನಲ್ಲಿ ಎರಡು ವರ್ಷ ಹಿಂದೆ ಓದಿದವರು, ನಿಮ್ಮ ಹಳೆಯ ಕಂಪನಿಯ ಬೇರೆ ಟೀಮಿನವರು, ಇಂಜಿನಿಯರಿಂಗ್ ಕಾಲೇಜಿನ ಸೀನಿಯರ್‌ಗಳು, ಇವರೇ ಆ ನಡುವಿನವರು.

ಲೆಕ್ಕ ಪಕ್ಕಾ

ಅಂಕಿ ಇಟ್ಟು ಹೇಳಿದ್ದಕ್ಕೆ ಥ್ಯಾಂಕ್ಸ್ ಸಾರ್. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಪರಿಚಯ ಇದ್ದವರಿಗೆ ಕೆಲಸ ಸಿಗುತ್ತದೆ ಅನ್ನುವುದು ನಿಜ ಇರಬಹುದು, ಆದರೆ ಅದು ನ್ಯಾಯವಾ? ನಮ್ಮಪ್ಪ ಬೆಂಚಿನ ಮೇಲೆ ಕೂತಿದ್ದನ್ನು ನೋಡಿದವನು ನಾನು.

ಹೆಚ್ಆರ್ ಅಕ್ಕ

ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಹದಿನಾಲ್ಕು ವರ್ಷದಿಂದ ಮೇಜಿನ ಆ ಕಡೆ ಕೂತಿರುವವಳು ನಾನು. ವಶೀಲಿ ಅಂದರೆ ಅರ್ಹತೆ ಇಲ್ಲದಿದ್ದರೂ ಕೆಲಸ ಕೊಡಿಸುವುದು. ಅದು ತಪ್ಪು, ಕಂಡಲ್ಲೆಲ್ಲ ಹೇಳಬೇಕು. ರೆಫರಲ್ ಅಂದರೆ ಸಿವಿಯನ್ನು ಒಬ್ಬ ಮನುಷ್ಯ ತೆರೆದು ಓದುವ ಹಾಗೆ ಮಾಡುವುದು. ಇಂಟರ್‌ವ್ಯೂ ಎಲ್ಲರಿಗೂ ಒಂದೇ. ನಾನು ರೆಫರಲ್ ಬಂದವರನ್ನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ. ಅಪ್ಪ-ಅಮ್ಮ ಕಂಪನಿಗಳಲ್ಲಿ ಇರುವ ಮಕ್ಕಳಿಗೆ ಇಂಥ ಪರಿಚಯ ಹುಟ್ಟಿನಿಂದಲೇ ಬರುತ್ತದೆ. ಅದಕ್ಕೇ ಈ ಹುಡುಗ ಬಿಡಬಾರದು ಅನ್ನುವುದು ನಾನು. ಅವನು ಬಿಟ್ಟರೆ ಆ ಜಾಗ ಮತ್ತೆ ಅವರಿಗೇ ಹೋಗುತ್ತದೆ.

ಅಡಿಕೆ ತೋಟ, ನಿಮಗೆ ಕೆಲಸಕ್ಕೆ ಬರುವುದು ಹೇಳುತ್ತೇನೆ. ನನಗೆ ಬರುವ ಮೆಸೇಜುಗಳಲ್ಲಿ ಜಾಸ್ತಿ ಹೀಗಿರುತ್ತವೆ (ಬರುವುದು ಇಂಗ್ಲಿಷಿನಲ್ಲಿ, ತಾತ್ಪರ್ಯ ಇಷ್ಟು):

"ಗೌರವಾನ್ವಿತ ಮೇಡಂ, ನಾನು ಇಂಥ ಕಾಲೇಜಿನ ವಿದ್ಯಾರ್ಥಿ. ನಿಮ್ಮ ಸಾಧನೆ ನೋಡಿ ಸ್ಫೂರ್ತಿಗೊಂಡಿದ್ದೇನೆ. ನಿಮ್ಮ ಅಮೂಲ್ಯ ಮಾರ್ಗದರ್ಶನ ಬೇಕು. ಸಿವಿ ಲಗತ್ತಿಸಿದ್ದೇನೆ."

ಇದನ್ನು ಐವತ್ತು ಜನರಿಗೆ ಕಳಿಸಿದ್ದಾರೆ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಉತ್ತರ ಕೊಡಬೇಕು ಅಂದರೂ ಏನಂತ ಕೊಡಲಿ? ಪ್ರಶ್ನೆಯೇ ಇಲ್ಲ. ಕಳೆದ ವರ್ಷ ಒಬ್ಬ ಹುಡುಗಿ ಬರೆದಿದ್ದು ಹೀಗಿತ್ತು:

"ನಮಸ್ಕಾರ ಮೇಡಂ. ನೀವು ಮೂರು ವರ್ಷ ಸೇಲ್ಸ್‌ನಲ್ಲಿದ್ದು ಆಮೇಲೆ ಹೆಚ್ಆರ್‌ಗೆ ಬಂದಿದ್ದೀರಿ ಅಂತ ಪ್ರೊಫೈಲಿನಲ್ಲಿ ನೋಡಿದೆ. ನಾನೂ ಸೇಲ್ಸ್ ಮಾಡಿ ಬಂದವಳು, ಹೆಚ್ಆರ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಆ ಬದಲಾವಣೆಯಲ್ಲಿ ನಿಮಗೆ ಅಂದಾಜು ತಪ್ಪಿದ್ದು ಯಾವುದು? ಈ ವಾರ ಅಥವಾ ಮುಂದಿನ ವಾರ 15 ನಿಮಿಷ ಫೋನಿನಲ್ಲಿ ಸಿಗುತ್ತೀರಾ? ಆಗದಿದ್ದರೆ ಎರಡು ಸಾಲು ಬರೆದರೂ ಸಾಕು."

ಅವತ್ತೇ ಫೋನ್ ಮಾಡಿದೆ. ಆಮೇಲೆ ಅವಳು ಇನ್ನೊಂದು ಕೆಲಸ ಮಾಡಿದಳು. ಎರಡು ತಿಂಗಳ ನಂತರ ಒಂದು ಮೆಸೇಜ್: "ನೀವು ಹೇಳಿದಿರಿ ಅಂತ ಕಾರ್ಮಿಕ ಕಾನೂನಿನ ಪೇಪರ್ ತೆಗೆದುಕೊಂಡೆ, ಉಪಯೋಗ ಆಯಿತು." ಏನೂ ಕೇಳಲಿಲ್ಲ. ನೂರರಲ್ಲಿ ಒಬ್ಬರೂ ಹೀಗೆ ಮಾಡುವುದಿಲ್ಲ. ಅವಳ ಹೆಸರು ನನಗೆ ಇವತ್ತಿಗೂ ನೆನಪಿದೆ.

ಹುಡುಗಿಯರಿಗೆ ಇನ್ನೊಂದು ಮಾತು. ಸಹಾಯ ಮಾಡುತ್ತೇನೆ ಅಂದವರು ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿದರೆ ಬೆಳಿಗ್ಗೆ ಹತ್ತಕ್ಕೆ ಉತ್ತರ ಕೊಡಿ, ಮಾತು ಬೇರೆ ಕಡೆ ಹೋದರೆ ಅಲ್ಲಿಗೇ ನಿಲ್ಲಿಸಿ. ಒಬ್ಬರು ಹೋದರೆ ಭವಿಷ್ಯ ಹೋಗುವುದಿಲ್ಲ.

ಸಾಗರದ ಗದ್ದೆ

ತೀರ್ಥಹಳ್ಳಿ ಹುಡುಗಾ, ನಮ್ಮ ಕಡೆ ಮುಯ್ಯಾಳು ಗೊತ್ತಲ್ವಾ? ನಾಟಿ ಸಮಯಕ್ಕೆ ನಾವು ನಿಮ್ಮ ಗದ್ದೆಗೆ ಬರುತ್ತೇವೆ, ನೀವು ನಮ್ಮ ಗದ್ದೆಗೆ ಬನ್ನಿ. ದುಡ್ಡಿಲ್ಲ. ನಮ್ಮ ಅಜ್ಜಿಗೆ ಯಾರ ಮನೆಗೆ ಎಷ್ಟು ಆಳು ಹೋಗಬೇಕು ಅಂತ ಬಾಯಲ್ಲೇ ಲೆಕ್ಕ ಇರುತ್ತಿತ್ತು. ಇವರು ಹೇಳುವ ನೆಟ್‌ವರ್ಕಿಂಗ್ ಅಂದರೆ ಅದೇ. ನಿನಗೆ ಅದು ಚಿಕ್ಕಂದಿನಿಂದ ಗೊತ್ತಿದೆ, ಇಂಗ್ಲಿಷ್ ಹೆಸರು ಕೇಳಿ ಹೆದರಿದ್ದೀಯ.

ಪಾಠದ ಮೇಷ್ಟ್ರು

ಚೆನ್ನಾಗಿದೆ. ಆದರೆ ಒಂದು ವ್ಯತ್ಯಾಸ. ಮುಯ್ಯಾಳಿನಲ್ಲಿ ಯಾರಿಂದ ತೆಗೆದುಕೊಂಡೆವೋ ಅವರಿಗೇ ತೀರಿಸುತ್ತೇವೆ. ಇಲ್ಲಿ ಸೀನಿಯರ್ ನಿಮ್ಮ ಸಿವಿಯನ್ನು ಐದು ಸಲ ತಿದ್ದಿಕೊಟ್ಟರೆ ಅವರಿಗೆ ನೀವು ತಿರುಗಿ ಕೊಡುವುದು ಏನೂ ಇರುವುದಿಲ್ಲ. ಮುಂದಿನ ವರ್ಷ ಬರುವ ಜೂನಿಯರ್‌ನ ಸಿವಿ ತಿದ್ದುತ್ತೀರಿ. ಋಣ ಒಬ್ಬರದು, ತೀರಿಸುವುದು ಇನ್ನೊಬ್ಬರಿಗೆ.

ಜಯನಗರ ನಾಲ್ಕನೇ ಬ್ಲಾಕ್

ಸಮ್ಮರ್ಸ್‌ಗೆ ಇನ್ನು ನಾಲ್ಕೈದು ವಾರ ಇದೆ ಅಲ್ವಾ? ಈಗ ಹೊಸಬರ ಹಿಂದೆ ಬೀಳಬೇಡಿ. ಇಬ್ಬರು ಸೀನಿಯರ್‌ಗಳನ್ನು ಹಿಡಿಯಿರಿ, ನಿಮಗೆ ಬೇಕಾದ ಕ್ಷೇತ್ರದಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದವರು. ಸಿವಿ ತೋರಿಸಿ, ಅಣಕು ಇಂಟರ್‌ವ್ಯೂ ಕೇಳಿ. ಪಕ್ಕದ ರೂಮಿನವರ ಜೊತೆ ದಿನಾ ಒಂದು ಕೇಸ್ ಬಿಡಿಸಿ, ಒಬ್ಬರು ಕೇಳಬೇಕು, ಒಬ್ಬರು ಉತ್ತರ ಹೇಳಬೇಕು, ಮೂರನೆಯವರು ನೋಡಿ ತಪ್ಪು ಹೇಳಬೇಕು. ರೆಲೆಟಿವ್ ಗ್ರೇಡಿಂಗ್ ಇದೆ, ಅಂದರೆ ಉಳಿದವರಿಗೆ ಹೋಲಿಸಿ ಗ್ರೇಡ್ ಕೊಡುತ್ತಾರೆ, ಅಂತ ನೋಟ್ಸ್ ಬಚ್ಚಿಡುವವರು ಇರುತ್ತಾರೆ. ನೀವು ಕೊಟ್ಟುಬಿಡಿ.

ಇಂಗ್ಲಿಷ್ ಬಗ್ಗೆ: ನಿಧಾನವಾಗಿ ಮಾತಾಡಿ, ಸಣ್ಣ ಸಣ್ಣ ವಾಕ್ಯ. ಇಂಟರ್‌ವ್ಯೂ ಮಾಡುವವರಿಗೆ ಬೇಕಾಗಿರುವುದು ಯೋಚನೆ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತಿಳಿಯುವುದು.

ಅಡಿಕೆ ತೋಟ

ಎರಡು ವಾರ ಆಯಿತು, ಎಲ್ಲರಿಗೂ ಹೇಳಬೇಕು ಅಂತ ಬಂದೆ. ಹೆಚ್ಆರ್ ಅಕ್ಕ ಹೇಳಿದ ಹಾಗೆ ಆರು ಜನರಿಗೆ ಬರೆದೆ, ಆರೂ ಬೇರೆ ಬೇರೆ. ಪ್ರತಿಯೊಂದಕ್ಕೂ ಅರ್ಧ ಗಂಟೆ ಹಿಡಿಯಿತು. ಮೂವರು ಉತ್ತರ ಕೊಡಲಿಲ್ಲ. ಒಬ್ಬರು ಈಗ ಬಿಡುವಿಲ್ಲ, ಡಿಸೆಂಬರ್‌ನಲ್ಲಿ ನೆನಪಿಸಿ ಅಂದರು. ಒಬ್ಬರು ಎರಡು ಸಾಲು ಬರೆದರು.

ಆರನೆಯವರು ನಮ್ಮ ಕಾಲೇಜಿನಲ್ಲೇ ನಾಲ್ಕು ವರ್ಷ ಹಿಂದೆ ಓದಿದವರು, ಈಗ ಕೃಷಿ ಉತ್ಪನ್ನ ಖರೀದಿ ಮಾಡುವ ಕಂಪನಿಯಲ್ಲಿದ್ದಾರೆ. 15 ನಿಮಿಷ ಅಂತ ಫೋನ್ ಮಾಡಿದರು. ಊರು ಯಾವುದು ಅಂತ ಕೇಳಿದರು, ಹೇಳಿದೆ. ಅಡಿಕೆ ಅಂದ ಕೂಡಲೇ ಅವರ ಪ್ರಶ್ನೆಗಳು ಶುರುವಾದವು. ರಾಶಿ, ಬೆಟ್ಟೆ, ಸರಕು ಅಂತ ಅಡಿಕೆಯ ಬಗೆಗಳಿವೆಯಲ್ಲ, ಅವುಗಳ ರೇಟು ಯಾಕೆ ಅಷ್ಟು ಬೇರೆ? ಬೇಯಿಸಿ ಒಣಗಿಸಿದ ಮೇಲೆ ಎಷ್ಟು ತಿಂಗಳು ಇಟ್ಟುಕೊಳ್ಳಬಹುದು? ರೇಟು ಏರುತ್ತದೆ ಅಂತ ಕಾಯುವ ರೈತ ಯಾವಾಗ ಮಾರುತ್ತಾನೆ, ಯಾರ ಮಾತು ಕೇಳಿ ಮಾರುತ್ತಾನೆ? ಇಂಗ್ಲಿಷ್ ಜೋಡಿಸಿಕೊಳ್ಳಬೇಕು ಅನ್ನುವುದೇ ಮರೆತುಹೋಯಿತು. ಚೊಗರು ಅಂದರೆ ಏನು ಅಂತ ವಿವರಿಸಲು ಇಂಗ್ಲಿಷ್ ಪದ ಸಿಗದೆ, ಅಡಿಕೆ ಬೇಯಿಸಿದ ನೀರನ್ನು ಕುದಿಸಿ ಕುದಿಸಿ ಗಟ್ಟಿ ಮಾಡುತ್ತೇವೆ, ಅದೇ ಬಣ್ಣ ಕೊಡುತ್ತದೆ ಅಂತೆಲ್ಲ ಹೇಳಿದೆ. ಫೋನ್ ಇಟ್ಟಾಗ 50 ನಿಮಿಷ ಆಗಿತ್ತು.

ಅವರ ಕಂಪನಿ ಈ ಸಲ ನಮ್ಮ ಕ್ಯಾಂಪಸ್ಸಿಗೆ ಬರುತ್ತಿಲ್ಲ. ಅದನ್ನು ಮೊದಲೇ ಹೇಳಿದರು. ಆದರೆ ರೈತ ಮಾರುವ ಸಮಯ ಹೇಗೆ ನಿರ್ಧಾರ ಮಾಡುತ್ತಾನೆ ಅಂತ ಎರಡು ಪುಟ ಬರೆದು ಕಳಿಸು, ನಮ್ಮ ಟೀಮಿನಲ್ಲಿ ಓದುತ್ತೇವೆ ಅಂದಿದ್ದಾರೆ. ಅಪ್ಪನಿಗೆ ಫೋನ್ ಮಾಡಿದೆ. ಶಿವಮೊಗ್ಗದ ಮಂಡಿಗೆ ಹಾಕಿದ ಅಡಿಕೆಯ ಹಳೆಯ ಮಾರಾಟದ ಪಟ್ಟಿಗಳು ಟ್ರಂಕಿನಲ್ಲಿವೆಯಂತೆ, ಹತ್ತು ವರ್ಷದ್ದು. ತಂಗಿ ಒಂದೊಂದೇ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದಾಳೆ. ಇಲ್ಲಿಯವರೆಗೆ 2019ರವರೆಗಿನದು ಬಂದಿದೆ.

ಪಕ್ಕದ ರೂಮಿನ ಇಬ್ಬರ ಜೊತೆ ಹನ್ನೊಂದಕ್ಕೆ ಕೇಸ್ ಇದೆ, ಇವತ್ತು ಪ್ರಶ್ನೆ ಕೇಳುವ ಸರದಿ ನನ್ನದು. ಹೊರಟೆ.

ಲೆಕ್ಕ ಪಕ್ಕಾ

ತಮ್ಮಾ, ಆ ಪಟ್ಟಿಗಳನ್ನು ಎಕ್ಸೆಲ್‌ಗೆ ಹಾಕುವಾಗ ದಿನಾಂಕ, ತೂಕ, ದರ, ಕಮಿಷನ್ ಎಲ್ಲ ಬೇರೆ ಬೇರೆ ಕಾಲಮ್ಮಿನಲ್ಲಿ ಹಾಕು. ಹಮಾಲಿ ಕಳೆದ ಮೇಲೆ ಕೈಗೆ ಬಂದಿದ್ದೆಷ್ಟು ಅಂತ ಇನ್ನೊಂದು ಕಾಲಮ್ಮು. ಮುಗಿದ ಮೇಲೆ ನನಗೆ ಕಳಿಸು, ಒಂದು ಸಲ ನೋಡಿಕೊಡುತ್ತೇನೆ.